'ಸೆಟ್' ಈಗ ಮೊದಲನೆಯದಲ್ಲ

ಇಂಗ್ಲಿಷಿನಲ್ಲಿ ಅತಿ ಹೆಚ್ಚು ಅರ್ಥಗಳಿರುವ ಪದ 'ಸೆಟ್' (set) ಅಂತ, ಆ ಪದದ ಬಗ್ಗೆ ನಾನು ಓದಿದ ಲೇಖನವೊಂದರಲ್ಲಿದೆ. ಅದು 1989ರ ಆಕ್ಸ್‌ಫರ್ಡ್ ನಿಘಂಟಿನ ಲೆಕ್ಕ, ಸುಮಾರು 430. ಈಚಿನ ಪರಿಷ್ಕರಣೆಯಲ್ಲಿ 'ರನ್' ಕ್ರಿಯಾಪದವೊಂದೇ 645 ಅರ್ಥ ಪಡೆದು ಮುಂದೆ ಹೋಗಿದೆ. ಇನ್ನೊಂದು, ಗುಂಪು ಎನ್ನುವ 'ಸೆಟ್' ಮುಖ್ಯವಾಗಿ ಹಳೆಯ ಫ್ರೆಂಚಿನಿಂದ ಬಂದದ್ದು. ಇಡು, ಕೂರಿಸು ಎನ್ನುವುದು ಇಂಗ್ಲಿಷಿನದೇ. ಲೇಖನ ಎರಡನ್ನೂ ಒಂದೇ ಬೇರಿಗೆ ಕಟ್ಟಿದ್ದು ಸರಿಯಲ್ಲ.

ನಮ್ಮ ಮಂಡ್ಯದ ಕಡೆ ಎರಡೂ ಓಡಾಡುತ್ತವೆ. ಸೆಟ್ ದೋಸೆ, ಪಂಪ್‌ಸೆಟ್ ಮೊದಲನೆಯದು. ಗಾರೆಯವರ 'ಸಿಮೆಂಟ್ ಸೆಟ್ ಆಯ್ತು' ಎರಡನೆಯದು. ಮಾಮೂಲಿ ಸಿಮೆಂಟ್ ನೀರು ಬೆರೆಸಿದ 30 ನಿಮಿಷದೊಳಗೆ ಬಿಗಿಯಲು ಶುರುವಾಗಬಾರದು ಎಂಬುದು ಮಾನದಂಡ. ಬಿಗಿದ ಗಾರೆಗೆ ಮತ್ತೆ ನೀರು ಹುಯ್ದು ಕಲೆಸಿದರೆ ಹಿಡಿತ ಹೋಯ್ತು. ಸೆಟ್ ಆಗುವುದು ಬೇರೆ, ಬಲ ಬರುವುದು ಬೇರೆ: ಕ್ಯೂರಿಂಗ್, ಅಂದರೆ ನೀರುಣಿಸಿ ತೇವವಾಗಿಡುವುದು, ಕನಿಷ್ಠ 7 ದಿನ ಬೇಕು.

ಅನುವಾದಕರು ಎಡವುವುದು ಗರಗಸದ ಸೆಟ್‌ನಲ್ಲಿ. ಹಲ್ಲುಗಳನ್ನು ಒಂದು ಎಡಕ್ಕೆ, ಒಂದು ಬಲಕ್ಕೆ ತುಸು ಬಾಗಿಸುವುದು ಅದು. ಕೊಯ್ದ ಸೀಳು ಅಲಗಿಗಿಂತ ಅಗಲವಾಗದಿದ್ದರೆ ಹಸಿ ಮರದಲ್ಲಿ ಗರಗಸ ಕಚ್ಚಿಕೊಂಡು ನಿಲ್ಲುತ್ತದೆ. ಅಲ್ಲಿ 'ಜೋಡಿ' ಅಂತ ಬರೆದರೆ ಬಡಗಿ ನಕ್ಕಾನು! ಕಬ್ಬಿನ 'ಸೆಟ್'ಗೆ ಕಾಗುಣಿತವೇ ಬೇರೆ, ಕೊನೆಗೆ ಎರಡು 'ಟಿ'. ಎರಡು-ಮೂರು ಕಣ್ಣಿರುವ ಬಿತ್ತನೆ ತುಂಡು ಅದು.