ಒರಿಜಿನಲ್ ಅಂದರೆ ಯಾವ ದಿನದ ಒರಿಜಿನಲ್?

ಕಳೆದ ಭಾನುವಾರ ಬೆಂಗಳೂರಿನಿಂದ ನಾಲ್ವರು ಗೆಳೆಯರು ಬಂದಿದ್ದರು. ನಾಲ್ವರಿಗೂ ಜೀಪಿನ ಹುಚ್ಚು. ಕಾಫಿ ಲೋಟ ಹಿಡಿದುಕೊಂಡೇ ಶೆಡ್ಡಿಗೆ ಹೋದರು. ನಮ್ಮ ಜೀಪಿಗೆ ಒಂದು ಪ್ರದಕ್ಷಿಣೆ ಬಂದರು. ಮಡ್‌ಗಾರ್ಡ್ ತಟ್ಟಿದರು, ಬಗ್ಗಿ ಛಾಸಿ, ಅಂದರೆ ಅಡಿಯ ಚೌಕಟ್ಟು, ನೋಡಿದರು, ಫೋಟೋ ತೆಗೆದರು. ಬಾನೆಟ್ ಎತ್ತಿದ ಮೇಲೆ ಮಾತ್ರ ಯಾರೂ ಫೋಟೋ ತೆಗೆಯಲಿಲ್ಲ. 'ಅಯ್ಯೋ, ಡೀಸೆಲ್ಲಾ?' ಅಂದ ಒಬ್ಬ. ಎಲ್ಲ ಒಪ್ಪಿಗೆಯಾಗಿ ಕೊನೆಗೆ ಜಾತಕ ಕೂಡದೇ ಹೋದ ಬೀಗರ ಮುಖ ನೋಡಿದ್ದೀರಲ್ಲ, ಹಾಗಿತ್ತು.

'ಇಷ್ಟೆಲ್ಲ ಮಾಡಿದವನು ಒರಿಜಿನಲ್ ಇಂಜಿನ್ ಹಾಕಬಹುದಿತ್ತಲ್ಲ ಮಾರಾಯ' ಅಂತ ಊಟಕ್ಕೆ ಕೂತಾಗಲೂ ಅದೇ ಮಾತು. ನಾನು ನಕ್ಕು ಸುಮ್ಮನಾದೆ. ಬಡಿಸಿದ ಎಲೆ ಮುಂದೆ ಜಗಳ ಯಾಕೆ. ಉತ್ತರ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಮೊದಲೇ ಹೇಳಿದ್ದೇನೆ.

ಜೀಪು 1968ರ ಮಹೀಂದ್ರ ಸಿಜೆ 3ಬಿ. ಬಾನೆಟ್ ಎತ್ತರ ಇರೋ ಹಳೇ ಜೀಪು ಅಂದರೆ ನಮ್ಮ ಮೂಡಿಗೆರೆ ಕಡೆ ಎಲ್ಲರಿಗೂ ಗೊತ್ತಾಗುತ್ತೆ. ಆ ಬಾನೆಟ್ ಯಾಕೆ ಅಷ್ಟು ಎತ್ತರ ಅಂತ ನನಗೆ ಬಿಚ್ಚೋ ತನಕ ಗೊತ್ತಿರಲಿಲ್ಲ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಇಂಜಿನ್‌ನಲ್ಲಿ ವಾಲ್ವ್‌ಗಳೆಲ್ಲ ಬ್ಲಾಕಿನಲ್ಲೇ, ಅಂದರೆ ಸಿಲಿಂಡರ್ ಇರೋ ದೊಡ್ಡ ಎರಕದಲ್ಲೇ ಇದ್ದವು. ಆಮೇಲೆ ಬಂದ ಹರಿಕೇನ್ ಅನ್ನೋ ಪೆಟ್ರೋಲ್ ಇಂಜಿನ್‌ನಲ್ಲಿ ಇನ್‌ಲೆಟ್ ವಾಲ್ವ್ ಮೇಲೆ ಹೆಡ್ಡಿಗೆ, ಅಂದರೆ ಬ್ಲಾಕಿನ ಮುಚ್ಚಳಕ್ಕೆ ಹತ್ತಿತು, ಎಕ್ಸಾಸ್ಟ್ ವಾಲ್ವ್ ಕೆಳಗೇ ಉಳಿಯಿತು. ಇಂಜಿನ್ ಎತ್ತರವಾಯಿತು. ಹಳೇ ಬಾನೆಟ್ ಅದರ ಮೇಲೆ ಕೂರಲಿಲ್ಲ. ಹಾಗಾಗಿ ಬಾನೆಟ್ಟನ್ನೂ ಗ್ರಿಲ್ಲನ್ನೂ ಎತ್ತರಿಸಿದರು, ಹಿಂದಿನ ಬಾಡಿ ಹೆಚ್ಚು ಕಡಿಮೆ ಹಾಗೇ ಬಿಟ್ಟರು. ಅಂದರೆ ನಾವೆಲ್ಲ ಇಷ್ಟಪಡೋ ಈ ಜೀಪಿನ ಮುಖವೇ ಹಳೇ ಬಾಡಿಗೆ ಹೊಸ ಇಂಜಿನ್ ಕೂರಿಸಲು ಹೋಗಿ ಆದದ್ದು. ಕಂಪನಿ ಮಾಡಿದರೆ ಮಾಡೆಲ್, ನಮ್ಮೂರ ಗ್ಯಾರೇಜ್ ಮೇಸ್ತ್ರಿ ಮಾಡಿದರೆ ಆಲ್ಟರೇಶನ್ ಅಂತೀವಿ, ಅಲ್ವಾ?

ಅಪ್ಪಯ್ಯ ಅದನ್ನು ಸೆಕೆಂಡ್ ಹ್ಯಾಂಡ್ ತಗೊಂಡದ್ದು 1979ರಲ್ಲಿ. ನಂಬರ್ 'ಎಂವೈ' ಅಂತ ಶುರುವಾಗುತ್ತೆ, ರಾಜ್ಯ ಇನ್ನೂ ಮೈಸೂರು ಆಗಿದ್ದಾಗಿನದು. ಆಗ ಪೆಟ್ರೋಲ್ ಇಂಜಿನ್. ನಾಲ್ಕು ಎಕರೆ ಕಾಫಿ ಇಟ್ಟುಕೊಂಡವನು ಪೆಟ್ರೋಲ್ ಜೀಪು ಸಾಕೋದೂ ಒಂದೇ, ಬಾಗಿಲಲ್ಲಿ ಆನೆ ಕಟ್ಟೋದೂ ಒಂದೇ. ಐದು ವರ್ಷ ಹೇಗೋ ಎಳೆದರು. 1984ರ ಮಳೆಗಾಲದಲ್ಲಿ ಅದನ್ನು ಕಿತ್ತು 2350 ಸಿಸಿ ಡೀಸೆಲ್ ಇಂಜಿನ್ ಕೂರಿಸಿದರು. ಇಂಟರ್‌ನ್ಯಾಷನಲ್ ಬಿ 275 ಟ್ರಾಕ್ಟರಿನ ವಂಶದ ಇಂಜಿನ್ ಅದು. ನಮ್ಮಲ್ಲಿ ಈಗಲೂ ಅದನ್ನು ಇಂಟರ್‌ನ್ಯಾಷನಲ್ ಇಂಜಿನ್ ಅಂತಲೇ ಕರೆಯೋದು. ಆರ್‌ಸಿಯಲ್ಲಿ ಆಗಲೇ ಎಂಟ್ರಿ ಮಾಡಿಸಿದ್ದರು. ಈ ವಿಷಯದಲ್ಲಿ ಅಪ್ಪಯ್ಯ ನನಗಿಂತ ಜಾಸ್ತಿ ಶಿಸ್ತಿನ ಮನುಷ್ಯ.

ಆಮೇಲೆ 25 ವರ್ಷ ಅದು ಗೊಬ್ಬರ ಹೊತ್ತಿತು, ಸೌದೆ ಹೊತ್ತಿತು, ಮದುವೆ ದಿಬ್ಬಣ ಹೊತ್ತಿತು. ತಂಗಿ ಹುಟ್ಟೋ ರಾತ್ರಿ ಹಳ್ಳ ತುಂಬಿತ್ತು. ಅಮ್ಮ ಆಸ್ಪತ್ರೆ ಮುಟ್ಟಿದ್ದು ಇದರಲ್ಲೇ. 2009ರಲ್ಲಿ ಶೆಡ್ಡಿಗೆ ಹೋಗಿ ನಿಂತದ್ದು, ನಾನು ಕೈ ಹಾಕಿದ್ದು 2021ರಲ್ಲಿ.

ಈಗ ತಪ್ಪೊಪ್ಪಿಗೆ. ಆ ನಾಲ್ವರು ಹೇಳಿದ್ದನ್ನೇ ನಾನೂ ಅಂದುಕೊಂಡಿದ್ದೆ. ಹರಿಕೇನ್ ಇಂಜಿನ್ ಹುಡುಕಿ ಹಾಕಬೇಕು, ಬಣ್ಣ, ಬೋಲ್ಟು ಎಲ್ಲ 1968ರ ಹಾಗೇ ಇರಬೇಕು. ಬೆಂಗಳೂರಿನಲ್ಲಿ ಗಾಡಿ ಸಾಮಾನು ಸಿಗೋ ಜೆ.ಸಿ. ರೋಡ್ ಸುತ್ತಿದೆ, ಗುಜರಿ ಸುತ್ತಿದೆ. ಕೊನೆಗೆ ಒಬ್ಬರು 'ರನ್ನಿಂಗ್ ಕಂಡೀಷನ್ ಸಾರ್, ಕಣ್ಣು ಮುಚ್ಚಿಕೊಂಡು ಹಾಕಿ' ಅಂತ ಒಂದು ಇಂಜಿನ್ ಕೊಟ್ಟರು. 35 ಸಾವಿರ ಎಣಿಸಿದೆ. ನಿಜವಾಗಿಯೂ ಕಣ್ಣು ಮುಚ್ಚಿಕೊಂಡೇ ತಂದೆ. ಮನೆಗೆ ತಂದು ಹೆಡ್ ಬಿಚ್ಚಿ, ಡೀಸೆಲ್ ಬಟ್ಟೆಯಲ್ಲಿ ಒರೆಸಿದರೆ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್ ಸೀಟಿನಿಂದ ಬೋರಿನ ಕಡೆಗೆ ಕೂದಲೆಳೆಯಷ್ಟು ಸಪೂರ ಗೆರೆ. ಬೆರಳಿಗೆ ಸಿಗಲ್ಲ, ಉಗುರಿಗೆ ಸಿಗುತ್ತೆ. ವಾಲ್ವ್ ಬ್ಲಾಕಿನಲ್ಲೇ ಇರೋ ಇಂಜಿನ್‌ಗೆ ಬಿಸಿ ಏರಿ ಬಿರುಕು ಬಿಡೋ ಜಾಗ ಅದೇ. ಕೊಟ್ಟವರಿಗೆ ಫೋನ್ ಮಾಡಿದೆ. 'ಹಳೇ ಮಾಲು ಸಾರ್' ಅಂದರು.

ಆ ಸಿಟ್ಟಿನಲ್ಲೂ ನನಗೆ ಬುದ್ಧಿ ಬರಲಿಲ್ಲ. ಇನ್ನೊಂದು ಇಂಜಿನ್ ಹುಡುಕೋಣ, ಅಲ್ಲಿ ತನಕ ಡೀಸೆಲ್ ಇಂಜಿನ್ ಇಳಿಸಿ ಛಾಸಿ ಕ್ಲೀನ್ ಮಾಡೋಣ ಅಂತ ಹೊರಟೆ.

ಮನೆಯಲ್ಲಿ ಜೀಪ್ ಬಿಚ್ಚೋರಿಗೆ ಒಂದು ಮಾತು ಇಲ್ಲಿ ಹೇಳಬೇಕು. ಮೊದಲು ಇಂಚಿನ ಸ್ಪ್ಯಾನರ್ ಸೆಟ್ ತನ್ನಿ. ನಾನು ಮೊದಲ ತಿಂಗಳು ಎಂಎಂ ಸ್ಪ್ಯಾನರಿನಲ್ಲೇ ಒದ್ದಾಡಿದೆ. ಅರ್ಧ ಇಂಚಿನ ನಟ್ಟಿಗೆ 13ರ ಸ್ಪ್ಯಾನರ್ ಹೇಗೋ ಕೂರುತ್ತೆ, ಆ ಧೈರ್ಯದಲ್ಲಿ ಮುಂದೆ ಹೋಗ್ತೀರಿ. ಒಂಬತ್ತು ಬೈ ಹದಿನಾರು ಬಂದಾಗ ಗೊತ್ತಾಗೋದು. 14 ಒಳಗೇ ಹೋಗಲ್ಲ, 15 ಜಾರುತ್ತೆ. ತುಕ್ಕು ಹಿಡಿದ ನಟ್ಟಿನ ಮೂಲೆ ಒಮ್ಮೆ ಸವೆದರೆ ಆಮೇಲೆ ಚಾಣ, ಸುತ್ತಿಗೆ, ಬೈಗುಳ. ಇನ್ನೊಂದು, ಡ್ರೈವರ್ ಸೀಟಿನ ಕೆಳಗಿರೋ ಟ್ಯಾಂಕು ತೂತಾಗಿರುತ್ತೆ. ಖಾಲಿ ಇದೆ, ವಾಸನೆ ಇಲ್ಲ ಅಂತ ಹಾಗೇ ವೆಲ್ಡಿಂಗ್‌ಗೆ ಕೊಡಬೇಡಿ. ಒಳಗಿನ ಆವಿ ಸಾಕು, ಬಾಂಬು ಅದು.

ಹ್ಯಾಂಡ್‌ಬ್ರೇಕಿನ ಪಾಠ ನಾನು ಕಾಲು ಕೊಟ್ಟು ಕಲಿಯಬೇಕಾಗಿತ್ತು, ಹೇಗೋ ತಪ್ಪಿತು. ಶೆಡ್ಡಿನ ನೆಲ ಸ್ವಲ್ಪ ಇಳಿಜಾರು. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟೆ. ಚಕ್ರ ನೆಲ ಬಿಟ್ಟಿದ್ದೇ ತಡ, ಜೀಪು ಮೆಲ್ಲಗೆ ಮುಂದೆ ನಡೆಯಿತು. ಜಾಕ್ ಮಗುಚಿ ನನ್ನ ಪಾದದಿಂದ ಒಂದು ಗೇಣು ದೂರ ಬಿತ್ತು. ಈ ಜೀಪಿನಲ್ಲಿ ಹ್ಯಾಂಡ್‌ಬ್ರೇಕ್ ಚಕ್ರಕ್ಕೆ ಹಿಡಿಯಲ್ಲ, ಟ್ರಾನ್ಸ್‌ಫರ್ ಕೇಸಿನ (ಹಿಂದಿನ, ಮುಂದಿನ ಚಕ್ರಗಳಿಗೆ ಶಕ್ತಿ ಹಂಚೋ ಪೆಟ್ಟಿಗೆ) ಹಿಂದೆ, ಚಕ್ರದ ಕಡೆಗೆ ಶಕ್ತಿ ಒಯ್ಯೋ ಪ್ರೊಪೆಲ್ಲರ್ ಶಾಫ್ಟಿಗೆ ಹಿಡಿಯುತ್ತೆ. ಶಾಫ್ಟ್ ನಿಂತರೂ ಎತ್ತಿದ ಚಕ್ರ ಹಿಂದಕ್ಕೆ ತಿರುಗಬಹುದು, ನೆಲದ ಮೇಲಿರೋ ಚಕ್ರ ಮುಂದಕ್ಕೆ ಉರುಳಬಹುದು. ಎರಡು ಚಕ್ರ ಬೇರೆ ಬೇರೆಯಾಗಿ ತಿರುಗಲಿ ಅಂತಲೇ ಡಿಫರೆನ್ಷಿಯಲ್ ಇರೋದು. ಮೇಸ್ತ್ರಿ ಬಂದು ನೋಡಿ, 'ಚಕ್ರಕ್ಕೆ ಕಲ್ಲು ಕೊಡದೆ ಜಾಕ್ ಎತ್ತಬಾರದು ಅಂತ ನಿಮ್ಮಪ್ಪಯ್ಯ ಹೇಳಿಕೊಟ್ಟಿರಲಿಲ್ವಾ?' ಅಂದರು. ಹೇಳಿಕೊಟ್ಟಿದ್ದರು. ನಾನು ಕೇಳಿಸಿಕೊಂಡಿರಲಿಲ್ಲ.

ಮೇಸ್ತ್ರಿ ವಿಷಯ ಬಂತಲ್ಲ, ನಾನು ಹೇಳಬೇಕಾದ್ದೂ ಅದೇ. ಇಂಜಿನ್ ಇಳಿಸಿದ ಮೇಲೆ ಛಾಸಿಯಲ್ಲಿ ಎರಡು ಮೌಂಟಿಂಗ್ ಬ್ರಾಕೆಟ್ ಉಳಿದವು. ಡೀಸೆಲ್ ಇಂಜಿನ್ ಕೂರಲಿ ಅಂತ 1984ರಲ್ಲಿ ದಪ್ಪ ಪ್ಲೇಟು ಕತ್ತರಿಸಿ ಮಾಡಿದ್ದು. ಕಂಪನಿಯದಲ್ಲ. ಗ್ರೈಂಡರಿನಲ್ಲಿ ಕತ್ತರಿಸಿ ಎಸೆಯೋಣ ಅಂತ ಜಿಡ್ಡು ಕೆರೆದೆ. ಎಡಗಡೆಯ ಬ್ರಾಕೆಟ್ ಮೇಲೆ ಪಂಚ್ ಹೊಡೆದ ಮೂರು ಚುಕ್ಕಿ ಸಾಲಾಗಿ ಇದ್ದವು. ಬಲಗಡೆ ಎರಡು ಚುಕ್ಕಿ. ಏನಿದು ಅಂತ ಮೇಸ್ತ್ರಿಗೆ ತೋರಿಸಿದೆ. ಅವರಿಗೀಗ ಅರವತ್ತರ ಹತ್ತಿರ. ಕನ್ನಡಕ ಮೇಲೆ ಮಾಡಿ ನೋಡಿದರು, ಹೆಬ್ಬೆರಳಲ್ಲಿ ಸವರಿದರು.

'ನಾನೇ ಹೊಡೆದಿದ್ದು ಮಾರಾಯ. ಆಗ ಗ್ಯಾರೇಜಿನಲ್ಲಿ ಸ್ಪ್ಯಾನರ್ ಕೊಡೋ ಹುಡುಗ ನಾನು. ಎಡ ಯಾವುದು ಬಲ ಯಾವುದು ಅಂತ ಬರೆದಿಡು ಅಂದ್ರು ನಮ್ಮ ಉಸ್ತಾದ್ರು. ಬರೆಯೋಕೆ ಬರ್ತಿರಲಿಲ್ಲ. ಚುಕ್ಕಿ ಹೊಡೆದೆ.'

ಗ್ರೈಂಡರಿನ ವಯರ್ ಕಿತ್ತು ಸುತ್ತಿಟ್ಟೆ.

ಆವತ್ತು ಶುರುವಾದ ಪ್ರಶ್ನೆ ಇದು. 1968ರಲ್ಲಿ ಕಾರ್ಖಾನೆಯಲ್ಲಿ ಯಾರೋ ಬಿಗಿ ಮಾಡಿದ ಬೋಲ್ಟು ಒರಿಜಿನಲ್, 1984ರಲ್ಲಿ ನಮ್ಮೂರ ಹುಡುಗ ಹೊಡೆದ ಚುಕ್ಕಿ ಡೂಪ್ಲಿಕೇಟಾ? ಈ ಜೀಪು ಪೆಟ್ರೋಲ್ ಕುಡಿದದ್ದು 16 ವರ್ಷ. ಡೀಸೆಲಿನಲ್ಲಿ ದುಡಿದದ್ದು 25 ವರ್ಷ. ಮಲೆನಾಡಿನಲ್ಲಿ ಹಳೇ ಜೀಪು ಉಳಿದಿದ್ದರೆ ಅದಕ್ಕೆ ದೊಡ್ಡ ಕಾರಣವೇ ಇಂಥ ಇಂಜಿನ್ ಬದಲಾವಣೆ. ಡೀಸೆಲ್ ಆಗದೇ ಇದ್ದಿದ್ದರೆ ನಮ್ಮದೂ ಎಂದೋ ತೂಕಕ್ಕೆ ಹೋಗಿರುತ್ತಿತ್ತು. ಹೋದದ್ದು ಎಷ್ಟೋ ಇವೆ.

ಕಾನೂನು ಆ ನಾಲ್ವರ ಕಡೆಗೇ ಇದೆ, ಅದನ್ನೂ ಹೇಳಿಬಿಡುತ್ತೇನೆ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. 50 ವರ್ಷ ದಾಟಿದ ಗಾಡಿ ಆಗಿರಬೇಕು, ಮೂಲ ರೂಪದಲ್ಲೇ ಇರಬೇಕು. ಛಾಸಿ, ಬಾಡಿ, ಇಂಜಿನ್ ಬದಲಾಗಿರಬಾರದು. ನಂಬರಿನಲ್ಲಿ 'ವಿಎ' ಅಂತ ಅಕ್ಷರ ಬರುತ್ತೆ, ಹೊಸದಾಗಿ ಮಾಡಿಸಲು 20 ಸಾವಿರ ಫೀಸು. ನಮ್ಮ ಜೀಪಿಗೆ ವಯಸ್ಸಿದೆ, ಯೋಗ ಇಲ್ಲ. ಆದರೆ ಅದೇ ನಿಯಮದ ಇನ್ನೊಂದು ಸಾಲು ಓದಿ. ವಿಂಟೇಜ್ ಅಂತ ನೋಂದಣಿ ಆದ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ಎಣ್ಣೆ ಹಾಕಿಸಲು, ರಿಪೇರಿಗೆ, ಅಷ್ಟೇ. ಅಂದರೆ ಕಾಫಿ ಮೂಟೆ ಹಾಕಿಕೊಂಡು ಪೇಟೆಗೆ ಹೋಗುವಂತಿಲ್ಲ. ಜೀಪು ಹುಟ್ಟಿದ್ದೇ ಹೊರೋದಕ್ಕೆ. ಹೊರಬೇಡ, ಸುಮ್ನೆ ಚೆಂದ ಕಾಣು ಅಂದರೆ ಹೇಗೆ?

ಹಾಗಂತ ಏನು ಬೇಕಾದರೂ ಮಾಡಿ ಅಂತ ನಾನು ಹೇಳುತ್ತಿಲ್ಲ. ಅಗಲ ಟೈರು ಹಾಕಿ, ಮೇಲೆ ಎಲ್‌ಇಡಿ ಪಟ್ಟಿ ಕಟ್ಟಿ, ಮುಂದೆ ಗೂಳಿ ಕೊಂಬಿನಂಥ ಬಂಪರ್ ಇಟ್ಟ ಜೀಪುಗಳನ್ನು ನೋಡಿದರೆ ನನಗೂ ಹೊಟ್ಟೆ ಉರಿಯುತ್ತೆ. ಅಗಲ ಟೈರಿನ ಭಾರವೆಲ್ಲ ಮುಂದಿನ ಚಕ್ರ ಎಡಬಲ ತಿರುಗಲು ಆಧಾರವಾದ ಕಿಂಗ್‌ಪಿನ್ ಬೇರಿಂಗಿನ ತಲೆಗೆ. ಆರೇ ತಿಂಗಳಲ್ಲಿ ಸ್ಟೇರಿಂಗ್ ನಡುಗುತ್ತೆ. ನಮ್ಮದಕ್ಕೆ ನಾನು ಹಳೇ ಸಪೂರ 6.00-16 ಟೈರನ್ನೇ ಹಾಕಿದ್ದೇನೆ. ಕೆಸರಿನಲ್ಲಿ ಅದು ಚಾಕುವಿನ ಹಾಗೆ ಇಳಿದು ಕೆಳಗಿನ ಗಟ್ಟಿ ನೆಲ ಹಿಡಿಯುತ್ತೆ. ಕಿಂಗ್‌ಪಿನ್ ಬಿಗಿ ನೋಡಿದ್ದೂ ಹಳೇ ಪುಸ್ತಕದ ಕ್ರಮದಲ್ಲೇ. ಸ್ಟೇರಿಂಗ್ ಆರ್ಮ್‌ಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಬೇಕು, ಮುಳ್ಳು ಎಷ್ಟಕ್ಕೆ ಬಂದಾಗ ಚಕ್ರದ ಗೆಣ್ಣು ತಿರುಗುತ್ತೆ ನೋಡಬೇಕು, ಜಾಸ್ತಿಯಾದರೆ ಶಿಮ್, ಅಂದರೆ ತೆಳು ತಗಡಿನ ಬಿಲ್ಲೆ, ಸೇರಿಸಬೇಕು, ಕಡಿಮೆಯಾದರೆ ತೆಗೆಯಬೇಕು. ಕಾಳುಮೆಣಸು ತೂಗೋ ತಕ್ಕಡಿ ತಂದಿದ್ದೆ. ಅಮ್ಮ ಎರಡು ದಿನ ಹುಡುಕಿದರು. ಗ್ರೀಸು ಮೆತ್ತಿಕೊಂಡು ಸಿಕ್ಕಿದ ಮೇಲೆ ಏನಂದರು ಅಂತ ಇಲ್ಲಿ ಬರೆಯಲಾರೆ.

ಬ್ರೇಕಿನ ವಿಷಯದಲ್ಲಿ ಮಾತ್ರ ನಾನು ಒರಿಜಿನಲ್ ಪಕ್ಷ ಅಲ್ಲವೇ ಅಲ್ಲ. ಹಳೇದರಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಎಲ್ಲೋ ಒಂದು ಪೈಪ್ ಒಡೆದರೆ ಪೆಡಲ್ ನೆಲ ಮುಟ್ಟುತ್ತೆ, ಗಾಡಿ ನಿಲ್ಲಲ್ಲ. ನಮ್ಮದು ಘಟ್ಟದ ರಸ್ತೆ. ಮುಂದಕ್ಕೊಂದು ಹಿಂದಕ್ಕೊಂದು ಲೈನ್ ಇರೋ ಮಾಸ್ಟರ್ ಸಿಲಿಂಡರ್ ಹಾಕಿಸಿದೆ. ಸೀಟ್ ಬೆಲ್ಟೂ ಹಾಕಿಸಿದೆ. ಶುದ್ಧತೆ ಬೇಕಾದವರು ಬಯ್ಯಲಿ.

ಒಟ್ಟು ಮೂರು ವರ್ಷ ಹಿಡಿಯಿತು. ಖರ್ಚು, ಆ 35 ಸಾವಿರವೂ ಸೇರಿ, ಎರಡು ಲಕ್ಷದ ಹತ್ತಿರ. ಡೀಸೆಲ್ ಇಂಜಿನ್ನೇ ರೀಬೋರ್ ಆಗಿ, ಅದೇ ಚುಕ್ಕಿ ಬ್ರಾಕೆಟ್ ಮೇಲೆ ಕೂತಿದೆ. 45ರ ಮೇಲೆ ಓಡಿಸಿದರೆ ಕನ್ನಡಿ, ಗೇರ್ ಲಿವರ್, ಹಲ್ಲು ಎಲ್ಲ ಒಟ್ಟಿಗೆ ಅದುರುತ್ತೆ. ಟ್ರಾನ್ಸ್‌ಫರ್ ಕೇಸ್ ಎಷ್ಟು ಸೀಲ್ ಬದಲಿಸಿದರೂ ತೊಟ್ಟಿಕ್ಕುತ್ತೆ, ಕೆಳಗೆ ಡಬ್ಬ ಇಟ್ಟಿದ್ದೇನೆ. ಆದರೆ ಫೋರ್ ವೀಲ್ ಹಾಕಿ, ಲೋ ಹಾಕಿ, ಫಸ್ಟ್ ಗೇರಿಗೆ ತಳ್ಳಿ ನೋಡಿ. ಲೆಕ್ಕ ಹಾಕಿದರೆ ಇಂಜಿನ್ ಸುಮಾರು 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ತೋಟದ ಹಿಂದಿನ ಏರಿನಲ್ಲಿ, ಎಂಟು ಮೂಟೆ ಹಾಕಿಕೊಂಡು, ಆಕ್ಸಿಲರೇಟರ್ ಮುಟ್ಟದೇ ಹತ್ತುತ್ತೆ. ಅವತ್ತು ಊಟ ಆದ ಮೇಲೆ ಆ ನಾಲ್ವರನ್ನೂ ಹಿಂದೆ ಕೂರಿಸಿ ಅದೇ ಏರು ಹತ್ತಿಸಿದೆ. ಇಳಿದಾಗ 'ಡೀಸೆಲ್ಲಾ' ಅಂದಿದ್ದವನು ಬಾನೆಟ್ ಎತ್ತಿ ಒಂದು ಫೋಟೋ ತೆಗೆದುಕೊಂಡ. ನಾನೇನೂ ಕೇಳಲಿಲ್ಲ.

ಕೊನೆಗೊಂದು ಕೆಲಸದ ಮಾತು. ಆ ಹರಿಕೇನ್ ಇಂಜಿನ್ ಇನ್ನೂ ನಮ್ಮ ಜಗಲಿಯಲ್ಲಿದೆ. ಹೆಡ್, ಕಾರ್ಬುರೇಟರ್, ಕ್ರ್ಯಾಂಕ್ ಮೂರೂ ಚೆನ್ನಾಗಿವೆ. ನಿಜವಾಗಿ ಪೆಟ್ರೋಲ್ ಜೀಪು ಇಟ್ಟುಕೊಂಡವರು ಯಾರಾದರೂ ಇದ್ದರೆ ಬಂದು ತಗೊಂಡು ಹೋಗಿ, ದುಡ್ಡು ಬೇಡ. ಬ್ಲಾಕ್ ಮಾತ್ರ ಕೇಳಬೇಡಿ. ಬಿಸಿಲು ಬಂದಾಗ ಅಮ್ಮ ಅದರ ಮೇಲೆ ಹಪ್ಪಳದ ಮೊರ ಇಡುತ್ತಾರೆ.