ಲೆನ್ಸಿನ ಮುಂದಿನ ಜೇಡ

ಕ್ಯಾಮೆರಾ ಹಾಕಿಸಿದ ಮೊದಲ ರಾತ್ರಿಯೇ ಕಳ್ಳ ಸಿಕ್ಕಿಬಿದ್ದ ಅಂದುಕೊಂಡೆ. ಎರಡು ಗಂಟೆಗೆ ಮೊಬೈಲ್ ಕೂಗಿತು. ಎದೆ ಡವಡವ. ಕಣ್ಣುಜ್ಜಿಕೊಂಡು ನೋಡಿದರೆ ಪರದೆ ತುಂಬ ಬೆಳ್ಳಗೆ ಹೊಳೆಯುವ ಎಂಟು ಕಾಲು. ಜೇಡ! ಲೆನ್ಸಿನ ಮುಂದೆಯೇ ಮನೆ ಕಟ್ಟುತ್ತಿತ್ತು.

ತಪ್ಪು ಅದರದ್ದಲ್ಲ. ಕತ್ತಲಾದರೆ ಕ್ಯಾಮೆರಾ ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ತಾನೇ ಬಿಟ್ಟುಕೊಂಡು ನೋಡುತ್ತದೆ. ಆ ಬೆಳಕು ಹತ್ತಿರದ ಬಲೆಗೆ ಬಡಿದು ವಾಪಸ್ ಬಂದರೆ ಎಳೆಯೊಂದು ಹಗ್ಗದಷ್ಟು ದಪ್ಪ ಕಾಣುತ್ತದೆ. ಗಾಳಿಗೆ ಅದು ಅಲ್ಲಾಡಿದರೆ 'ಯಾರೋ ಬಂದರು' ಎಂದು ನನ್ನನ್ನು ಎಬ್ಬಿಸುತ್ತದೆ. ಈಗ ವಾರಕ್ಕೊಮ್ಮೆ ಪೊರಕೆಗೆ ಬಟ್ಟೆ ಸುತ್ತಿ ಒರೆಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಾವಲುಗಾರನಿಗೆ ನಾನು ಕಾವಲು.

ಕೊಳ್ಳುವಾಗ ಎಲ್ಲರಂತೆ ನಾನೂ ಕೇಳಿದ್ದು ಒಂದೇ: ಎಷ್ಟು ಮೆಗಾಪಿಕ್ಸೆಲ್? ಲೆನ್ಸ್ ಎಷ್ಟು ಮಿಲಿಮೀಟರಿನದು ಅಂತ ಕೇಳಬೇಕಿತ್ತು. 2.8 ಮಿ.ಮೀ. ಲೆನ್ಸ್ ಇಡೀ ಅಂಗಳವನ್ನು ಬಾಚಿಕೊಳ್ಳುತ್ತದೆ, ಆದರೆ ದೂರದ ಗೇಟಿನಲ್ಲಿ ನಿಂತವನ ಮುಖ ಸಾಸಿವೆ ಕಾಳು. 6 ಮಿ.ಮೀ. ಆದರೆ ಗೇಟು ಮಾತ್ರ ಕಾಣುತ್ತದೆ, ಅಲ್ಲಿ ನಿಂತವನಿಗೆ ಮೀಸೆ ಇದೆಯೋ ಇಲ್ಲವೋ ಹೇಳಬಹುದು. ನಾನು ಜಾಸ್ತಿ ಕಾಣಲಿ ಎಂದು ಮೊದಲನೆಯದನ್ನೇ ತಂದೆ. ಯಾರ ಕೈಗೂ ಎಟುಕದಿರಲಿ ಎಂದು ಸೂರಿನ ತುದಿಗೇ ಹಾಕಿಸಿದೆ. ಅಲ್ಲಿಂದ ಕಾಣುವುದು ಬರೀ ನೆತ್ತಿ. ನನ್ನ ನೆತ್ತಿಯಲ್ಲಿ ಇಷ್ಟು ದೊಡ್ಡ ಬಯಲಿದೆ ಅಂತ ಗೊತ್ತಾಗಿದ್ದೇ ಆಗ.

ಇನ್ನು ರೆಕಾರ್ಡಿಂಗ್. ಒಂದು ಕ್ಯಾಮೆರಾ ಸೆಕೆಂಡಿಗೆ 4 ಮೆಗಾಬಿಟ್ ಲೆಕ್ಕದಲ್ಲಿ ಬಿಡುವಿಲ್ಲದೆ ಬರೆದರೆ ದಿನಕ್ಕೆ ಸುಮಾರು 43 ಜಿಬಿ. ಒಂದು ಟಿಬಿ, ಅಂದರೆ ಸಾವಿರ ಜಿಬಿ ಡಿಸ್ಕ್ 23 ದಿನಕ್ಕೆ ತುಂಬಿ, ಹಳೆಯದರ ಮೇಲೇ ಬರೆಯತೊಡಗುತ್ತದೆ. ಏನೂ ನಡೆಯದ ನಮ್ಮ ಅಂಗಳದ್ದು 43 ಜಿಬಿ! ಅದನ್ನೆಲ್ಲ ಕೂತು ನೋಡುವವರು ಯಾರು? ನಾನು ನೋಡಿದ್ದು ಒಂದೇ ಸಲ. ಬೀಗ ಹಾಕಿ ಹೊರಟ ನಾನು ಮೂರು ಸಲ ವಾಪಸ್ ಬಂದು ಬೀಗ ಎಳೆದು ನೋಡುವ ದೃಶ್ಯ ಅದರಲ್ಲಿತ್ತು.

1966ರಲ್ಲಿ ನ್ಯೂಯಾರ್ಕಿನ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಈ ಪ್ರಶ್ನೆಗೆ ನೇರ ಉತ್ತರ ಕೊಟ್ಟಿದ್ದರು: ಮನೆಯವರೇ ನೋಡಬೇಕು. ಬಾಗಿಲಿಗೆ ಬೇರೆ ಬೇರೆ ಎತ್ತರದಲ್ಲಿ ಕೆಲವು ತೂತು, ಅವುಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಒಳಗೊಂದು ಟಿವಿ. ಬಂದವರ ಜೊತೆ ಒಳಗಿನಿಂದಲೇ ಮಾತಾಡಬಹುದು, ಕೂತಲ್ಲಿಂದಲೇ ಚಿಲಕ ತೆಗೆಯಬಹುದು, ಅಪಾಯ ಅನ್ನಿಸಿದರೆ ಗುಂಡಿ ಒತ್ತಿ ಸಹಾಯ ಕರೆಯಬಹುದು. 1969ರಲ್ಲಿ ಪೇಟೆಂಟ್ ಸಿಕ್ಕಿತು. ನಾವು ಈಗ ಕೊಳ್ಳುವುದು ಹೆಚ್ಚೂಕಮ್ಮಿ ಅದನ್ನೇ, ಜೊತೆಗೆ ಒಂದು ಪಾಸ್‌ವರ್ಡ್. ಆ ಪಾಸ್‌ವರ್ಡನ್ನೂ ಕಂಪನಿ ಕೊಟ್ಟದ್ದೇ ಇಟ್ಟುಕೊಳ್ಳುವ ಸೋಮಾರಿಗಳು ನಾವು. 2016ರಲ್ಲಿ ಮಿರಾಯ್ ಎಂಬ ವೈರಸ್ ಇಂಥ ಸಾವಿರಾರು ಕ್ಯಾಮೆರಾಗಳನ್ನು ವಶಕ್ಕೆ ತೆಗೆದುಕೊಂಡು, ಅವುಗಳಿಂದಲೇ ದೊಡ್ಡ ದೊಡ್ಡ ವೆಬ್‌ಸೈಟುಗಳ ಮೇಲೆ ದಾಳಿ ಮಾಡಿಸಿತು.

ನಮ್ಮ ಪರವಾಗಿ ಬೇರೆಯವರು ಎಚ್ಚರವಾಗಿರಲಿ ಎಂದೇ ಕೊನೆಗೆ ನಾನು ಮಾನಿಟರಿಂಗ್ ಇರುವ ಅಲಾರಂ ತಗೊಂಡಿದ್ದು. ಬರೀ ಸೈರನ್ ಕೂಗಿದರೆ ಅಕ್ಕಪಕ್ಕದವರು ಕಿಟಕಿ ಮುಚ್ಚಿಕೊಳ್ಳುತ್ತಾರೆ, ಅಷ್ಟೇ. ಇದಾದರೆ ಎಲ್ಲೋ ಕೂತ ಒಬ್ಬರಿಗೆ ಸುದ್ದಿ ಹೋಗುತ್ತದೆ, ಅವರು ಫೋನ್ ಮಾಡುತ್ತಾರೆ. ಈ ಸಲ ಮಾತ್ರ ಜಾಣನಾಗಿದ್ದೆ. ಕರೆಂಟು ಹೋದರೆ ಬ್ಯಾಟರಿ ಇದೆಯಾ, ಇಂಟರ್ನೆಟ್ ತಂತಿ ಕತ್ತರಿಸಿದರೆ ಸಿಮ್ ಇದೆಯಾ ಅಂತೆಲ್ಲ ಕೇಳಿದೆ. ಅಲಾರಂ ಆರಿಸಲು ಒಂದು ನಂಬರ್ ಒತ್ತಬೇಕು. ಕಳ್ಳ ಪಕ್ಕದಲ್ಲೇ ಚಾಕು ಹಿಡಿದು ನಿಂತಿದ್ದರೆ ಒತ್ತಲಿಕ್ಕೆ ಬೇರೆ ನಂಬರೇ ಇರುತ್ತದಂತೆ. ಅಲಾರಂ ಆರಿದಂತೆ ಕಾಣುತ್ತದೆ, ಆದರೆ ಸದ್ದಿಲ್ಲದೆ ಸುದ್ದಿ ಹೋಗಿರುತ್ತದೆ. ನನಗೆ ಒಂದು ನಂಬರೇ ನೆನಪಿರಲ್ಲ.

ನೆನಪಿರಲೂ ಇಲ್ಲ. ಎರಡೂ ಕೈಯಲ್ಲಿ ಚೀಲ ಹಿಡಿದು ಒಳಗೆ ಬಂದೆ. ನಂಬರ್ ಒತ್ತಲು 30 ಸೆಕೆಂಡ್ ಇತ್ತು. ಚೀಲ ಇಳಿಸುವಷ್ಟರಲ್ಲಿ ಹತ್ತು ಮುಗಿಯಿತು, ಮಗಳ ಹುಟ್ಟಿದ ದಿನಾಂಕವೋ ನನ್ನದೋ ಎಂದು ಯೋಚಿಸುವಷ್ಟರಲ್ಲಿ ಉಳಿದದ್ದು. ಸೈರನ್ ಹೊಡೆದುಕೊಂಡಿತು. ಹಿಂದೆಯೇ ಫೋನು.

"ಪಾಸ್‌ವರ್ಡ್ ಹೇಳಿ ಸಾರ್."

"ನಾನೇ ಕಣ್ರೀ, ಮನೆ ಯಜಮಾನ."

"ಬೇರೆಯವರೂ ಹಾಗೇ ಹೇಳ್ತಾರೆ ಸಾರ್."

ಅಷ್ಟರಲ್ಲಿ ಹೆಂಡತಿ ಬಂದಳು. "ಕೊಡ್ರೀ ಇಲ್ಲಿ" ಎಂದು ಫೋನ್ ಕಿತ್ತುಕೊಂಡು, ನನಗೆ ಬೆನ್ನು ಮಾಡಿ, ನನ್ನ ಕಿವಿಗೆ ಬೀಳದ ಹಾಗೆ ಮೆಲ್ಲಗೆ ಏನೋ ಹೇಳಿದಳು.