ಸ್ಪಷ್ಟನೆ: ಇಂಟರ್ನೆಟ್ ಹುಟ್ಟಿದ್ದು ಅಣುಬಾಂಬಿನ ಭಯದಿಂದಲ್ಲ

"ಅಣುಬಾಂಬ್ ಬಿದ್ದರೂ ಸೇನೆಯ ಸಂಪರ್ಕ ಕಡಿಯಬಾರದು ಅಂತ ಅಮೆರಿಕ ಅರ್ಪಾನೆಟ್ ಅನ್ನುವ ಕಂಪ್ಯೂಟರ್ ಜಾಲ ಕಟ್ಟಿತು, ಅದೇ ಇಂಟರ್ನೆಟ್ ಆಯಿತು" ಅನ್ನುವ ಮಾತು ಮತ್ತೆ ಹರಿದಾಡುತ್ತಿದೆ. ಇದು ಸರಿಯಲ್ಲ.

ದುಡ್ಡು ಕೊಟ್ಟಿದ್ದು ಅಲ್ಲಿನ ರಕ್ಷಣಾ ಇಲಾಖೆಯ ಅರ್ಪಾ ಸಂಸ್ಥೆ, ನಿಜ. ಉದ್ದೇಶ ಮಾತ್ರ ಬೇರೆ. 1966ರಲ್ಲಿ ಅರ್ಪಾದ ಅಧಿಕಾರಿ ಬಾಬ್ ಟೇಲರ್ ಬಳಿ ಮೂರು ಟರ್ಮಿನಲ್‌ಗಳಿದ್ದವು. ಟರ್ಮಿನಲ್ ಅಂದರೆ ದೂರದ ಕಂಪ್ಯೂಟರಿಗೆ ಆದೇಶ ಟೈಪ್ ಮಾಡುವ ಯಂತ್ರ. ಒಂದೊಂದಕ್ಕೂ ಬೇರೆ ಬೇರೆ ಊರಿನ ಕಂಪ್ಯೂಟರ್ ಜೋಡಣೆ. ಒಂದನ್ನು ಬಿಟ್ಟು ಇನ್ನೊಂದು ಬಳಸಬೇಕೆಂದರೆ ಎದ್ದು ಹೋಗಿ ಮತ್ತೆ ಲಾಗಿನ್ ಆಗಬೇಕು, ಕಮಾಂಡ್‌ಗಳೂ ಬೇರೆ. ಎಲ್ಲದಕ್ಕೂ ಒಂದೇ ಟರ್ಮಿನಲ್ ಸಾಕಲ್ವಾ ಅಂತ ಅವರಿಗೆ ಅನ್ನಿಸಿತು. ದುಬಾರಿ ಕಂಪ್ಯೂಟರ್‌ಗಳನ್ನು ಸಂಶೋಧಕರು ಹಂಚಿಕೊಳ್ಳಲಿ ಅನ್ನುವುದೇ ಯೋಜನೆ.

ಹಾಗಾದರೆ ಬಾಂಬಿನ ಕಥೆ ಸುಮ್ನೆ ಹುಟ್ಟಿತಾ? ಇಲ್ಲ. ರ‍್ಯಾಂಡ್ ಅನ್ನುವ ಅಮೆರಿಕದ ಸಂಶೋಧನಾ ಸಂಸ್ಥೆಯ ಪಾಲ್ ಬ್ಯಾರನ್ 1960ರ ದಶಕದ ಶುರುವಿನಲ್ಲಿ ದಾಳಿಯನ್ನೂ ತಾಳುವ ಜಾಲದ ಬಗ್ಗೆ ಬರೆದಿದ್ದರು. ಸಂದೇಶವನ್ನು ತುಂಡು ಮಾಡಿ ಕಳಿಸುವ ಉಪಾಯ ಅದರಲ್ಲಿತ್ತು. ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಡೇವಿಸ್ ಅವರಿಗೂ ಅದೇ ಉಪಾಯ ಸ್ವತಂತ್ರವಾಗಿ ಹೊಳೆದಿತ್ತು. ಆ ತುಂಡುಗಳಿಗೆ 'ಪ್ಯಾಕೆಟ್' ಅನ್ನುವ ಹೆಸರು ಕೊಟ್ಟಿದ್ದು ಡೇವಿಸ್ ಅವರೇ. ಅರ್ಪಾನೆಟ್ ಈ ಉಪಾಯ ಬಳಸಿತು, ಬ್ಯಾರನ್ ಅವರ ಗುರಿಯನ್ನಲ್ಲ.

1971ರಲ್ಲಿ ಎಂಜಿನಿಯರ್ ರೇ ಟಾಮ್ಲಿನ್ಸನ್ ಅರ್ಪಾನೆಟ್ ಜಾಲದಲ್ಲಿ ಇಮೇಲ್ ಕಳಿಸಿದರು. ಕಂಪ್ಯೂಟರ್ ಹಂಚಿಕೊಳ್ಳಲು ಕಟ್ಟಿದ ಜಾಲವನ್ನು ಜನ ಕೆಲವೇ ವರ್ಷಗಳಲ್ಲಿ ಜಾಸ್ತಿ ಬಳಸಿದ್ದು ಒಬ್ಬರಿಗೊಬ್ಬರು ಬರೆದುಕೊಳ್ಳುವುದಕ್ಕೆ.